ಲಿಲ್ಲಿಯ ರೆಕ್ಕೆ

ಮಗಳ ಚಾರ್ಟಿಗೆಂದು ಮೈದಾ ಗೋಂದು ಕಾಯಿಸಿದಾಗಲೆಲ್ಲ ಆ ವಾಸನೆಗೆ ಈಗಲೂ ನನ್ನ ಬೆನ್ನು ಬಿಗಿಯುತ್ತದೆ.

ನಾನು ಚಿಕ್ಕವಳಿದ್ದಾಗ, ಪಾಲಿಬೆಟ್ಟದಲ್ಲಿ ನಮ್ಮ ಎಸ್ಟೇಟ್ ಲೈನಿನ ಕೂಲಿಮನೆಗಳ ಪಕ್ಕದ ಚರ್ಚಿನಲ್ಲಿ ಕ್ರಿಸ್‌ಮಸ್ ನಾಟಕದ ಅಭ್ಯಾಸ ನಡೆದಿತ್ತು. ದೇವದೂತೆಯಾಗಿದ್ದ ಲಿಲ್ಲಿಯ ಬೆನ್ನಿಗೆ ಟೀಚರಮ್ಮ ರಟ್ಟಿನ ರೆಕ್ಕೆ ಕಟ್ಟಿದ್ದರು. ಅದಕ್ಕೆ ಮೈದಾ ಗೋಂದಿನಲ್ಲಿ ಅಂಟಿಸಿದ್ದ ಕೋಳಿಪುಕ್ಕ ಇನ್ನೂ ಒದ್ದೆಯಾಗಿತ್ತು. ಕಾಫಿ ಕುಯ್ಲಿನ ಕಾಲ. ಲಿಲ್ಲಿಯ ಅಮ್ಮ ಬೆಳಗ್ಗೆ ಒಲೆ ಹಚ್ಚದೆ ತೋಟಕ್ಕೆ ಹೋಗಿದ್ದಳು. ಮಧ್ಯಾಹ್ನ, ಫಾದರ್‌ಗೆಂದು ಮುಚ್ಚಿಟ್ಟಿದ್ದ ಕೇಕಿನಿಂದ ಲಿಲ್ಲಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಟೀಚರಮ್ಮ ಅವಳ ಕೈ ಹಿಡಿದರು.

"ಹಸಿವಾಗಿತ್ತು ಟೀಚರ್. ತಪ್ಪಾಯ್ತು."

"ಬೆಳಗ್ಗೆ ಪಾಠದಲ್ಲಿ ನಾನು ಏನು ಹೇಳಿಕೊಟ್ಟೆ? ತಪ್ಪು ಮಾಡಿದ ಮನುಷ್ಯರಿಗೆ ಕ್ಷಮೆ ಉಂಟು. ತಪ್ಪು ಮಾಡಿದ ದೂತರಿಗೆ ಉಂಟಾ?"

"ಇಲ್ಲಾ," ಎಂದು ನಾವೆಲ್ಲ ರಾಗವಾಗಿ ಹೇಳಿದೆವು.

ಲಿಲ್ಲಿ ಗಡಿಬಿಡಿಯಲ್ಲಿ ಕೈ ಹಿಂದಕ್ಕೆ ಹಾಕಿ ರೆಕ್ಕೆಯ ದಾರ ಎಳೆಯತೊಡಗಿದಳು. "ಬಿಚ್ಚೇ, ಬೇಗ ಬಿಚ್ಚೇ," ಎಂದು ನನ್ನನ್ನು ಬೇಡಿದಳು. ಬಿಚ್ಚಿದೆ.

"ಈಗ ನಾನು ದೂತ ಅಲ್ಲ, ಅಲ್ವಾ ಟೀಚರ್?"

ಟೀಚರಮ್ಮ ನಕ್ಕರು. ಅವಳನ್ನು ಬಾಗಿಲಾಚೆ ದಬ್ಬಿ ಚಿಲಕ ಹಾಕಿದರು. ಆಮೇಲೆ ಆ ಒದ್ದೆ ರೆಕ್ಕೆಯನ್ನು ನನ್ನ ಬೆನ್ನಿಗೆ ಬಿಗಿಯಾಗಿ ಕಟ್ಟಿದರು.

"ನೀನಾದ್ರೂ ನೆಟ್ಟಗೆ ನಿಲ್ಲು."

ಕೇಕು ಎದುರಿಗೇ ಇತ್ತು. ನನಗೂ ಹಸಿವಾಗಿತ್ತು.