ಹೊರಗಾಗದ ಆರು ತಿಂಗಳು

ಸ್ಪಿರಿಟ್ಟಿನ ವಾಸನೆ ಬಡಿದರೆ ಈಗಲೂ ನನ್ನ ಬೆರಳುಗಳು ಇನ್ನೊಂದು ಕೈಯ ಮಣಿಕಟ್ಟನ್ನು ಸುತ್ತುತ್ತವೆ.

ಆ ಮಧ್ಯಾಹ್ನ ಹಾನಗಲ್ಲಿನ ದವಾಖಾನೆಯಲ್ಲಿ, ಎಲ್ಲೂ ಬೀಳದೆಯೇ ಬಿರುಕು ಬಿಟ್ಟಿದ್ದ ನನ್ನ ಕಾಲೆಲುಬಿನ ಎಕ್ಸರೇ ನೋಡುತ್ತ ಡಾಕ್ಟರಮ್ಮ ಕೇಳಿದರು: "ಹೊರಗಾಗಿ ಎಷ್ಟ್ ದಿನ ಆತವ್ವಾ?"

ನನಗಾಗ ಹದಿನೈದು. ಮುಟ್ಟು ನಿಂತದ್ದು ಖುಷಿಯೇ ಆಗಿತ್ತು. ಖೋ-ಖೋ ಅಭ್ಯಾಸ ತಪ್ಪುತ್ತಿರಲಿಲ್ಲ. ಹಗುರಾದರೆ ಇನ್ನೂ ಜೋರು ಓಡಬಹುದೆಂದು ಸಂಜೆಯ ರೊಟ್ಟಿಯನ್ನೂ ಬಿಟ್ಟಿದ್ದೆ.

"ಆರ್ ತಿಂಗಳಾತ್ರಿ."

ಅವ್ವ ನನ್ನ ಮಣಿಕಟ್ಟು ಹಿಡಿದಳು. ಅವಳ ಅಂಗೈ ತಣ್ಣಗಿತ್ತು. ತುಟಿ ಅಲುಗದಂತೆ ಕೇಳಿದಳು: "ಯಾಂವ ಅಂವ?"

ಅರ್ಥವಾಗಲಿಲ್ಲ. ಆದರೂ ಹೆದರಿ ಅತ್ತುಬಿಟ್ಟೆ.

"ಯಾರೂ ಇಲ್ರೀ," ಎಂದರು ಡಾಕ್ಟರಮ್ಮ. "ಹುಡುಗಿ ಉಣ್ಣದ ಓಡಾಕತ್ತಾಳ. ಅದಕ್ಕ ಮುಟ್ಟೂ ನಿಂತೈತಿ, ಎಲುಬೂ ಸೋತೈತಿ."

ಅವ್ವ ಕೈ ಬಿಡಲಿಲ್ಲ. ಮಣಿಕಟ್ಟನ್ನು ಸುತ್ತಿದ ಅವಳ ಹೆಬ್ಬೆರಳು ತೋರುಬೆರಳನ್ನು ದಾಟಿ ಹೋಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು.