ಸೈಕಲ್ಲಿನಿಂದ ಇಳಿಯದವನು

ಪಂಚರ್ ಹಾಕುವ ಸಲ್ಯೂಷನ್ನಿನ ವಾಸನೆ ಬಂದರೆ, ಈ ಮುಪ್ಪಿನಲ್ಲೂ ನಾನು ಯಾರಿಗೂ ಹೇಳದ ಒಂದು ತಪ್ಪು ನೆನಪಾಗುತ್ತದೆ.

ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಚಿಕ್ಕ ಹುಡುಗನಾಗಿದ್ದಾಗ, ನಮ್ಮೂರು ಮಾನ್ವಿಯ ಬಯಲಿಗೆ ಒಬ್ಬ ಸೈಕಲ್ ಸವಾರ ಬಂದಿದ್ದ. ಐದು ದಿನ ನೆಲಕ್ಕೆ ಕಾಲಿಡದೆ ಸುತ್ತು ಹೊಡೆಯುವುದು ಅವನ ಪಣ. ಊಟ, ಸ್ನಾನ ಎಲ್ಲ ಸೈಕಲ್ಲಿನ ಮೇಲೆಯೇ. ಕೊನೆಯ ದಿನ ಮಧ್ಯಾಹ್ನ ಅಪ್ಪ ಎಲ್ಲರೆದುರು, "ನೋಡಲೇ ಅವನ್ನ! ನೀ ಬಾಗಲವಾಡದ ತನಕ ನಡಿಯಂದ್ರ ಅಳ್ತಿ" ಎಂದ. ನನಗೆ ಹೊಟ್ಟೆ ಉರಿಯಿತು. ಸವಾರ ಬರುವ ದಾರಿಯ ಮಣ್ಣಿನಲ್ಲಿ ಜಾಲಿಮುಳ್ಳು ಹೂತಿಟ್ಟೆ.

ಮುಂದಿನ ಸುತ್ತಿನಲ್ಲೇ ಟೈರು ಬುಸ್ಸೆಂದಿತು. ಜನ ಉಸಿರು ಬಿಗಿಹಿಡಿದರು. ಅವನು ಮಾತ್ರ ನಗುತ್ತಾ, "ಇನ್ನೊಂದು ಸೈಕಲ್ ತರ್ರೆಪ್ಪೋ!" ಎಂದು ಕೂಗಿದ. ಯಾರೋ ಒಬ್ಬ ಸೈಕಲ್ ತಳ್ಳಿಕೊಂಡು ಪಕ್ಕದಲ್ಲೇ ಓಡಿದ. ಇವನು ನೆಲ ಮುಟ್ಟದೆ ಅದರ ಮೇಲೆ ಜಿಗಿದು ಕೂತ. ಶಿಳ್ಳೆಯೋ ಶಿಳ್ಳೆ! ನಾನೂ ಮೈಮರೆತು ಕುಣಿದೆ.

ಸುತ್ತಿ ಬಂದವನೇ ನನ್ನನ್ನೆತ್ತಿ ಮುಂದೆ ಕೂರಿಸಿಕೊಂಡ.

"ಕಾಲು ನೋಯಂಗಿಲ್ಲೇನ್ರಿ?" ಎಂದೆ.

"ನೋಯ್ತಾವ. ನೀವು ಶಿಳ್ಳಿ ಹೊಡದ್ರ ಮರತೇ ಹೋಗ್ತದ." ಆಮೇಲೆ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ: "ಮುಳ್ಳು ಇಡುವಾಗ ಕೈಗೆ ಚುಚ್ಚಲಿಲ್ಲ ಹೌದಿಲ್ಲೋ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಗಂಟೆ ಬಾರಿಸುತ್ತಾ ನನ್ನನ್ನು ಇನ್ನೊಂದು ಸುತ್ತು ಕರೆದೊಯ್ದ.