ಬಲದವಡೆಯ ತಿದ್ದುಪಡಿ

ಹೊರಗೆ ಹೋಗಲು ಬಾಗಿಲ ಪಕ್ಕದ ಫಲಕವನ್ನು ನೀಲಪ್ಪ ಮೂರನೇ ಸಲ ಕಚ್ಚಿದ. ಮತ್ತೆ ಕೆಂಪು ದೀಪವೇ ಹತ್ತಿತು. ಬಾಯಲ್ಲಿರುವ ಹಲ್ಲು ದಾಖಲೆಯೊಂದಿಗೆ ತಾಳೆಯಾಗದವರಿಗೆ ಗದಗಿನಲ್ಲಿ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ; ದಂತವೈದ್ಯೆ ಗಿರಿಜಾಳ ಕ್ಲಿನಿಕ್ಕಿನದೂ ಅಷ್ಟೇ. ಒಮ್ಮೆ ಕಚ್ಚಿದರೆ ಕಚ್ಚಿದವರೊಬ್ಬರೇ ದಾಟಬಹುದಿತ್ತು.

ತಪ್ಪು ಗಿರಿಜಾಳದೇ. ಕಿತ್ತದ್ದು ನೀಲಪ್ಪನ ಎಡದವಡೆಯ ಹಲ್ಲು. ಎದುರು ನಿಂತವರಿಗೆ ಅದು ಬಲಕ್ಕೆ ಕಾಣುತ್ತದೆ. ಇಪ್ಪತ್ತು ವರ್ಷ ಹಲ್ಲು ಕಿತ್ತವಳು, ಅವಸರದಲ್ಲಿ ಬಲದವಡೆಯ ಕೋಡ್ ಒತ್ತಿಬಿಟ್ಟಿದ್ದಳು. ಎಡದ್ದನ್ನು ಆಮೇಲೆ ಸೇರಿಸಿದ್ದಾಯಿತು. ಬಲದ್ದನ್ನು ಅಳಿಸಲು ಹೋದರೆ ಮಾತ್ರ ಪರದೆಯದು ಅದೇ ರಾಗ: "ಕಿತ್ತ ಹಲ್ಲು ಮರಳಿ ಬರುವುದಕ್ಕೆ ಕೋಡ್ ಇಲ್ಲ. ದಯವಿಟ್ಟು ಬಾಯಿಯನ್ನು ದಾಖಲೆಗೆ ಹೊಂದಿಸಿಕೊಳ್ಳಿ."

"ಅದನ್ನೂ ಕಿತ್ತ ಒಗೀರಿ, ಡಾಕ್ಟ್ರ," ಎಂದ ನೀಲಪ್ಪ, ಹತ್ತಿ ಕಚ್ಚಿಕೊಂಡೇ. "ಮಗಳು ಹಡಿಯಾಕ ದವಾಖಾನಿಗೆ ಹೋಗ್ಯಾಳ. ಒಂದು ಹಲ್ಲಿನ ಸಲುವಾಗಿ ಎಷ್ಟೊತ್ತು ಕುಂದ್ರಲಿ?"

"ಛಲೋ ಇರೋ ಹಲ್ಲು ಕೀಳಾಕ ನನಗೇನ ಹುಚ್ಚು ಹಿಡದೈತೇನು? ಸುಮ್ನಿರು!"

ಗಿರಿಜಾ ಹತ್ತನೇ ಸಲ ತಿದ್ದುಪಡಿಯ ಗುಂಡಿ ಒತ್ತಿದಳು. ಕೋಡ್ ಇಲ್ಲ. ಹನ್ನೊಂದನೇ ಸಲ ಒತ್ತಿದಳು. ಕೋಡ್ ಇಲ್ಲ. ಸಿಟ್ಟು ನೆತ್ತಿಗೇರಿ ಹಲ್ಲು ಕಡಿದಳು. ಬಾಯೊಳಗೆ ಕಟಕ್ಕೆಂದಿತು.

ಅಂಗೈಗೆ ಉಗುಳಿಕೊಂಡರೆ ಅವಳದೇ ಹಲ್ಲಿನ ಚೂರು. ಎದ್ದು ಹೋಗಿ ಫಲಕ ಕಚ್ಚಿದಳು. ಕೆಂಪು ದೀಪ. ತಮ್ಮ ಬಾಯಿಯ ದಾಖಲೆಯನ್ನು ವೈದ್ಯರು ತಾವೇ ಬರೆದುಕೊಳ್ಳುವಂತಿರಲಿಲ್ಲ. ಅದಕ್ಕೆ ಇನ್ನೊಬ್ಬ ವೈದ್ಯರು ಒಳಗೆ ಬರಬೇಕು, ಅಥವಾ ಅವಳು ಹೊರಗೆ ಹೋಗಬೇಕು.

ನೀಲಪ್ಪ ಹೋಗಿ ಮತ್ತೆ ಆ ಉದ್ದನೆಯ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ.

"ಈಗರ ಕೀಳ್ರಿ. ನಮ್ಮಿಬ್ರೊಳಗ ಒಬ್ಬರರ ಹೊರಗ ಹೋಗ್ಬೇಕಲ್ಲ."